ಮುಡಿ

ರಾಜಶಿರದಲ್ಲಿ ಶೋಭಿಸುವ ರತ್ನಖಚಿತ ಭೂಷಣಕ್ಕೆ ಅಮರಕೋಶವು ಮಕುಟ, ಕಿರೀಟಗಳೆಂಬೆರಡು ಹೆಸರುಗಳನ್ನು ಒಟ್ಟಿಗೆ ಹೇಳಿ ಮುಂದೆ ಸಾಗುತ್ತದೆ. ನಮ್ಮ ಕಾವ್ಯಗಳೂ ರಂಗಭೂಮಿಯೂ ಬಹುವಾಗಿ ಆಶ್ರಯಿಸಿದುದು ಇವನ್ನೇ, ಅರ್ಜುನನು ಕಿರೀಟಿಯಾದುದೂ ಇದರಿಂದಲೇ. ಆದರೆ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಅದೇ ಭೂಷಣವನ್ನು ಹೆಸರಿಸಬಲ್ಲ, ಜನರ ಬಾಯಲ್ಲಿ ಬೇರೂರಿದ ಮತ್ತೊಂದು ಮಾತುಂಟು: ಮುಡಿ. ನನ್ನ ಪ್ರೀತಿಯೆಲ್ಲ ಇದರ ಮೇಲೆಯೇ.

ಕಟ್ಟುವುದು, ಗಂಟಿಕ್ಕುವುದು ಎಂಬುದು ಇದರ ಮೂಲಾರ್ಥ. ತೆಲುಗಿನಲ್ಲಿ ಮುಡಿಯೆಂದರೆ ಇಂದಿಗೂ ಗಂಟು; ತಮಿಳಿನಲ್ಲಿ ಕೇಶವೂ ಹೌದು, ಕಿರೀಟವೂ ಹೌದು; ದಕ್ಷಿಣ ಕನ್ನಡದಲ್ಲಿ ಬೈಹುಲ್ಲಿನಿಂದ ಬಿಗಿದ ಅಕ್ಕಿಯ ಹೊರೆಯೂ ಮುಡಿಯೇ. ಎತ್ತಿ ಕಟ್ಟಿದ ಕೂದಲು ಮುಡಿಯೆನಿಸಿತು, ಅದರಲ್ಲಿ ಹೂವಿಡುವುದು ಮುಡಿಯುವುದೆನಿಸಿತು, ಆ ಗಂಟಿನ ಮೇಲೆ ನೆಲಸಿದ ವಜ್ರವೈಡೂರ್ಯಗಳ ಆಭರಣವೂ ಅದೇ ಹೆಸರನ್ನು ಪಡೆಯಿತು. ಹೀಗೆ ಸೇವಂತಿಗೆಯ ಎಸಳಿಗೂ ಅರಸನ ರತ್ನಕ್ಕೂ ಒಂದೇ ಆಶ್ರಯ.

ಈ ಪದವು ತನ್ನ ಪೂರ್ಣ ವೈಭವದಲ್ಲಿರುವುದು ಮೇಲುಕೋಟೆಯಲ್ಲಿ. ಚೆಲುವನಾರಾಯಣನಿಗೆ ಫಾಲ್ಗುಣದ ಉತ್ಸವದಲ್ಲಿ ಇರುಳು ತೊಡಿಸುವ ವೈರಮುಡಿಯುಂಟು. 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ರಾಜ ಒಡೆಯರ ಹೆಸರಿನ ರಾಜಮುಡಿಯುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ಅರ್ಪಿಸಿದ ಕೃಷ್ಣರಾಜಮುಡಿಯುಂಟು. ಅರಿಕುಠಾರವೆಂಬ ಊರು ತಮ್ಮ ತಂದೆಯ ಜನ್ಮಭೂಮಿಯೆಂಬ ಕಾರಣದಿಂದ ಅದಕ್ಕೆ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಅಲ್ಲಿ ಚಾಮರಾಜೇಶ್ವರನ ಆಲಯವನ್ನು ಕಟ್ಟಿಸಿದವರೂ ಈ ಕೃಷ್ಣರಾಜರೇ. ದೊರೆಯೊಬ್ಬನು ದೇವರಿಗೆ ಕಿರೀಟವನ್ನೊಪ್ಪಿಸಿ, ಅದನ್ನು ಕಿರೀಟವೆನ್ನದೆ ಮುಡಿಯೆಂದು ಕರೆಯಿಸಿದುದು ನನಗೆ ಬಹು ಮೆಚ್ಚುಗೆಯ ಸಂಗತಿ.

ಏಕೆಂದರೆ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದುಹೋಗುವ ರೈತನು, ಕೊಡಲು ರತ್ನವಿಲ್ಲದವನು, ‘ಮಾದಪ್ಪನಿಗೆ ಮುಡಿ ಕೊಡಬೇಕು’ ಎನ್ನುತ್ತಾನೆ. ಅವನು ಕೊಡುವುದು ತಲೆಗೂದಲನ್ನು. ಮನೆಯಲ್ಲಿ ಮಗುವಿಗೆ ಜ್ವರ ಬಂದಾಗ ತಾಯಿಯು ಹಳದಿ ಬಟ್ಟೆಯಲ್ಲಿ ಕಾಸನ್ನಿಟ್ಟು, ಹರಕೆ ಹೊತ್ತು, ಗಂಟಿಕ್ಕಿ ದೇವರ ಮುಂದೆ ಇಡುವುದು ಮುಡಿಪು. ಕಟ್ಟಿಟ್ಟದ್ದು ಇನ್ನು ತನ್ನದಲ್ಲವೆಂಬ ಭಾವವು ಆ ಗಂಟಿನಲ್ಲಿಯೇ ಇದೆಯಾದುದರಿಂದಲೇ, ಬಾಳನ್ನು ಒಂದು ಕಾರ್ಯಕ್ಕೆ ಸಲ್ಲಿಸಿದವರನ್ನು ಕುರಿತು ಮುಡಿಪಾಗಿಟ್ಟರೆಂದು ಹೇಳುತ್ತೇವೆ. ಅರಸನ ದಾನಕ್ಕೂ ಬಡವನ ಹರಕೆಗೂ ಒಂದೇ ಬೇರಿನ ಮಾತು ಒದಗುವಂತೆ ಮಾಡಿದ ಭಾಷೆಯ ನ್ಯಾಯಬುದ್ಧಿಗೆ ನಾನು ತಲೆವಾಗುತ್ತೇನೆ.

ಕಸಿದುಕೊಂಡ ಕಥೆಯೂ ಈ ಮಾತಿಗೆ ಇಲ್ಲದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಗಂಗವಾಡಿಯನ್ನು ಗೆದ್ದ ಚೋಳರು ಅದಕ್ಕೆ ಮುಡಿಕೊಂಡ ಚೋಳಮಂಡಲವೆಂದು ಹೆಸರಿಟ್ಟರು. ಶತ್ರುವಿನ ಕಿರೀಟವನ್ನು ಕೊಂಡವನೆಂಬುದು ಅಲ್ಲಿಯ ಬಿರುದು. ಕೊಳ್ಳೇಗಾಲದ ಬಳಿಯ ಮುಡಿಗುಂಡವೆಂಬ ಊರ ಹೆಸರಿನಲ್ಲಿ ಆ ಬಿರುದಿನ ದನಿಯೇ ನನಗೆ ಕೇಳಿಸುತ್ತದೆ. ಆದರೆ ಚೋಳಮಂಡಲ ಹೋಯಿತು, ಬಿರುದು ಶಾಸನಗಳಲ್ಲುಳಿಯಿತು. ಜನರು ಉಳಿಸಿಕೊಂಡದ್ದು ಹೂವಿನ, ಹರಕೆಯ ಮುಡಿಯನ್ನು.

ಗುಂಡ್ಲುಪೇಟೆಯ ಹೊಲಗಳಲ್ಲಿ ಬೆಳೆದ ಚೆಂಡುಹೂವು ಓಣಂ ಹೊತ್ತಿಗೆ ಕೇರಳದ ಅಂಗಳಗಳಿಗೆ ಹೋಗುವುದಾದರೂ, ಸಂತೆಯಿಂದ ಮರಳುವ ಹೆಂಗಸರು ಮೊಳ ಹೂವನ್ನು ಮುಡಿದೇ ಬಸ್ಸು ಹತ್ತುತ್ತಾರೆ. ಪತ್ರಿಕೆಗಳೂ ಪದಕ ಗೆದ್ದ ಹುಡುಗಿಯು ಅದನ್ನು ಮುಡಿಗೇರಿಸಿಕೊಂಡಳೆಂದೇ ಬರೆಯುತ್ತವೆ. ಕಿರೀಟಕ್ಕೇರಿಸಿಕೊಂಡಳೆಂದು ಬರೆದವರನ್ನು ನಾನು ಕಾಣೆನು.