ರಾತ್ರಿ ಶಾಲೆಯಿಂದ ಮೊಬೈಲ್ ಪಾಠದವರೆಗೆ: ಕೇರಿ ಮಕ್ಕಳ ಸಂಜೆ ಓದು



"ಈಗೇನ್ರೀ, ಎಲ್ಲಾ ಮೊಬೈಲಲ್ಲೇ ಸಿಗುತ್ತೆ, ಮನಸ್ಸಿದ್ರೆ ಯಾವ ಮಕ್ಕಳಾದ್ರೂ ಓದಬಹುದು" ಅನ್ನೋ ಮಾತನ್ನ ಈಚೆಗೆ ನಮ್ಮವರ ಬಾಯಲ್ಲೂ ಕೇಳ್ತಿದ್ದೀನಿ. ಅದಕ್ಕೇ ಸ್ವಲ್ಪ ಹಳೇದನ್ನ ನೆನಪಿಸಬೇಕು ಅನ್ನಿಸಿತು. ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಶಾಲೆ ಹೊತ್ತಿನ ಆಚೆ ನಡೆಯುವ ಓದು ಅಂದರೆ ಉಳ್ಳವರಿಗೆ ಟ್ಯೂಷನ್, ಇನ್ನೊಂದಿಷ್ಟು ಮಾರ್ಕ್ಸ್. ನಮ್ಮ ಜನಕ್ಕೆ ಅದೇ ಮೊದಲ ಬಾಗಿಲು. 1848ರಲ್ಲಿ ಪುಣೆಯ ಭಿಡೆವಾಡದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜೋತಿಬಾ, ಸಾವಿತ್ರಿಬಾಯಿ ಫುಲೆ 1855ರಲ್ಲಿ ರೈತ, ಕೂಲಿಕಾರರಿಗಾಗಿ ರಾತ್ರಿ ಶಾಲೆ ಶುರು ಮಾಡಿದರು. ಹಗಲು ದುಡಿದು ಬಂದವರಿಗೆ ದೀಪದ ಬೆಳಕಲ್ಲಿ ಅಕ್ಷರ. ಅದೇ ವರ್ಷ ಅವರ ಶಾಲೆಯಲ್ಲಿ ಕಲಿತ ಮಾಂಗ ಸಮುದಾಯದ ಹುಡುಗಿ ಮುಕ್ತಾ ಸಾಳ್ವೆ, ಮಾಂಗ-ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಶಾಲೆ ಸಿಕ್ಕ ಕೆಲವೇ ವರ್ಷದಲ್ಲಿ ಆ ಹುಡುಗಿ ಧರ್ಮವನ್ನೇ ಪ್ರಶ್ನೆ ಮಾಡಿದಳು ನೋಡಿ!

ಬಾಬಾಸಾಹೇಬರದ್ದೂ ಅರ್ಧ ಓದು ಶಾಲೆಯ ಹೊರಗೇ ಆಗಿದ್ದು. ತರಗತಿಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು. ಮುಂಬೈಗೆ ಬಂದಾಗ ಪರೇಲ್‌ನ ಚಾಳಿನ ಒಂದೇ ಕೋಣೆ. ಅಪ್ಪ ರಾಮಜಿ ಸಕ್ಪಾಲ್ ಮಗನನ್ನ ಬೇಗ ಮಲಗಿಸಿ, ರಾತ್ರಿ ಎರಡಕ್ಕೆ ಎಬ್ಬಿಸಿ ಓದಲು ಕೂರಿಸ್ತಿದ್ದರು. ಎಲ್ಲರೂ ಮಲಗಿದ ಹೊತ್ತಲ್ಲಿ ಮಾತ್ರ ಆ ಮನೆಯಲ್ಲಿ ಜಾಗ ಸಿಗೋದು. ಪಾರ್ಕಿನಲ್ಲಿ ಕೂತು ಓದುತ್ತಿದ್ದ ಈ ಹುಡುಗನನ್ನ ಗಮನಿಸಿದವರು ಕೃಷ್ಣಾಜಿ ಕೇಳುಸ್ಕರ್. 1907ರಲ್ಲಿ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧನ ಚರಿತ್ರೆಯನ್ನ ಕೈಗಿಟ್ಟರು. ಆ ಒಂದು ಪುಸ್ತಕ ಎಲ್ಲಿಗೆ ಹೋಗಿ ಮುಟ್ಟಿತು ಅಂತ ನಾಗಪುರಕ್ಕೆ ಹೋಗಿಬಂದವರಿಗೆಲ್ಲ ಗೊತ್ತು.

ಈ ಅನುಭವ ಇದ್ದವರಾದ್ದರಿಂದಲೇ 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ ಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಸೊಲ್ಲಾಪುರದ ಹಾಸ್ಟೆಲ್, ವಾಚನಾಲಯ ಸೇರಿದ್ದವು. ನಮ್ಮ ಧಾರವಾಡದಲ್ಲೂ 1929ರಲ್ಲಿ ಬಾಬಾಸಾಹೇಬರು ಹಾಸ್ಟೆಲ್ ತೆರೆದರು, ಬಳವಂತರಾವ್ ವರಾಳೆಯವರು ನೋಡಿಕೊಂಡರು. ಅಲ್ಲಿ ಮಕ್ಕಳ ಊಟಕ್ಕೆ ಕಾಳು ತೀರಿದಾಗ ತಾಯಿ ರಮಾಬಾಯಿ ಕೈಬಳೆ ಬಿಚ್ಚಿಕೊಟ್ಟರು ಅನ್ನೋದು ನಮ್ಮ ಮನೆಗಳಲ್ಲಿ ಇವತ್ತಿಗೂ ಹೇಳೋ ಮಾತು. ಮಂಗಳೂರಲ್ಲಿ ಕುದ್ಮುಲ್ ರಂಗರಾವ್, ಮೈಸೂರು ಸಂಸ್ಥಾನದಲ್ಲಿ ಗೋಪಾಲಸ್ವಾಮಿ ಅಯ್ಯರ್ ಮಾಡಿದ್ದನ್ನೂ ಮರೆಯಬಾರದು. ಕವಿ ಸಿದ್ಧಲಿಂಗಯ್ಯನವರು ಹಾಸ್ಟೆಲ್ ಹುಡುಗ. ಸ್ಮಶಾನದಲ್ಲಿ ಗೋರಿಗಳ ನಡುವೆ ಕೂತು ಓದಿದ್ದನ್ನ ಅವರೇ ಬರೆದಿದ್ದಾರೆ. ಓದಲು ಜಾಗ ಹುಡುಕೋದು ನಮ್ಮ ಪಾಲಿಗೆ ಯಾವತ್ತೂ ದೊಡ್ಡ ಕೆಲಸವೇ.

ಇನ್ನೊಂದು ಥರದ ಸಂಜೆ ಶಾಲೆಯೂ ಬಂತು. 1979-80ರಲ್ಲಿ ಕೇಂದ್ರ ಸರ್ಕಾರ 'ಅನೌಪಚಾರಿಕ ಶಿಕ್ಷಣ' ಅಂತ ಯೋಜನೆ ತಂದಿತು. 1986ರ ಶಿಕ್ಷಣ ನೀತಿ ಅದನ್ನ ಹಿಗ್ಗಿಸಿತು. ಹಗಲು ದುಡಿಯೋ ಮಕ್ಕಳಿಗೆ ಸಂಜೆ ಒಂದೆರಡು ಗಂಟೆ, ಅಲ್ಪ ಗೌರವಧನದ ಬೋಧಕರು. ಕೇಳೋಕೆ ಫುಲೆಯವರ ರಾತ್ರಿ ಶಾಲೆ ಥರವೇ ಇದೆ. ಆದರೆ ನನ್ನ ಲೆಕ್ಕದಲ್ಲಿ ಎರಡೂ ಬೇರೆ. ಫುಲೆಯವರ ಕಾಲದಲ್ಲಿ ನಮಗೆ ಹಗಲು ಶಾಲೆಯೇ ಇರಲಿಲ್ಲ. ಇಲ್ಲಿ ಹಗಲು ಶಾಲೆ ಇದ್ದೂ, ಕೂಲಿ ಮಾಡೋ ಮಗು ಕೂಲಿ ಮಾಡಲಿ, ಸಂಜೆ ಎರಡಕ್ಷರ ಕಲೀಲಿ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯ್ತು. ಜೀತದ ಮನೆಯಲ್ಲಿ ಸೆಗಣಿ ಬಾಚೋ ಮಗು ಯಾರ ಮನೆಯದ್ದು ಅಂತ ಬಿಡಿಸಿ ಹೇಳಬೇಕಾ? ಆಂಧ್ರದಲ್ಲಿ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಷನ್ ಇದನ್ನ ಒಪ್ಪಲಿಲ್ಲ. ಶಾಲೆಯಲ್ಲಿ ಇಲ್ಲದ ಪ್ರತಿ ಮಗುವೂ ಬಾಲಕಾರ್ಮಿಕ ಅಂತ ಹೇಳಿ, ಶಿಬಿರ ಮಾಡಿ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿದರು. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಹೇಳಿದ್ದೂ ಇದನ್ನೇ.

ಈಗ ಮೊಬೈಲ್ ವಿಷಯಕ್ಕೆ ಬರ್ತೀನಿ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಆಗಸ್ಟ್‌ನಲ್ಲಿ ನಮ್ಮ ರಾಜ್ಯ 'ವಿದ್ಯಾಗಮ' ಶುರು ಮಾಡಿತು. ಮಕ್ಕಳನ್ನ ಮೂರು ಗುಂಪು ಮಾಡಿದರು: ಮೊಬೈಲೇ ಇಲ್ಲದವರು, ಇಂಟರ್ನೆಟ್ ಇಲ್ಲದ ಮೊಬೈಲ್ ಇರೋರು, ಸ್ಮಾರ್ಟ್‌ಫೋನ್ ಇರೋರು. ಆ ಪಟ್ಟಿಯನ್ನ ಜಾತಿವಾರು ಜೋಡಿಸಿದ್ದರೆ ಊರು ಯಾವುದು, ಕೇರಿ ಯಾವುದು ಅಂತ ನಕ್ಷೆಯೇ ಸಿಗ್ತಿತ್ತು. ಆದರೂ ಮೇಷ್ಟ್ರುಗಳು ಗುಡಿಕಟ್ಟೆ, ಮರದಡಿ ಬಂದು ಪಾಠ ಮಾಡಿದರಲ್ಲ, ಅದು ಒಳ್ಳೆಯ ಕೆಲಸ. ಸೋಂಕು ಹಬ್ಬಿ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಗುಡಿಕಟ್ಟೆ ಮೇಲೆ ನಮ್ಮ ಮಕ್ಕಳು ಎಲ್ಲಿ ಕೂತರು ಅನ್ನೋದು ಬೇರೆ ಪ್ರಶ್ನೆ, ಯಾರೂ ಬರೆದಿಡಲಿಲ್ಲ.

ನಮ್ಮ ಕೇರಿಯಲ್ಲಿ ಈಗ ಮೊಬೈಲ್ ಇದೆ. ಮನೆಗೊಂದು. ಅದು ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗುತ್ತೆ, ರಾತ್ರಿ ಎಂಟಕ್ಕೆ ಬರುತ್ತೆ. ಆಗ ಮೂರು ಮಕ್ಕಳು ಕಿತ್ತಾಡ್ತವೆ, ದೊಡ್ಡ ಹುಡುಗ ಗೆಲ್ತಾನೆ. ಹೆಣ್ಣುಮಗಳ ಸರದಿ ಬರೋದೇ ಇಲ್ಲ. ಬಂದರೂ, ಭಿನ್ನರಾಶಿ ಪಾಠದ ವಿಡಿಯೋ ಮುಗಿಯೋಕೆ ಮುಂಚೆ ರೀಲ್ಸ್ ಬಂದು ಕೂತಿರುತ್ತೆ. ಅರ್ಥ ಆಗದಿದ್ದರೆ ಕೇಳೋಕೆ ಪಕ್ಕದಲ್ಲಿ ಯಾರೂ ಇಲ್ಲ. ರಾಮಜಿ ಸಕ್ಪಾಲರ ಥರ ಎದ್ದು ಕೂರೋ ಅಪ್ಪ ಇದ್ದರೂ ಅವನಿಗೆ ಏಳನೇ ಕ್ಲಾಸಿನ ಲೆಕ್ಕ ಬರಲ್ಲ.

ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ 2020ರಿಂದ 'ಓದುವ ಬೆಳಕು' ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಈಗ ಅವಕ್ಕೆ 'ಅರಿವು ಕೇಂದ್ರ' ಅಂತ ಹೆಸರು. ಅನೇಕ ಕಡೆ ಕಂಪ್ಯೂಟರೂ ಬಂದಿದೆ. ನಮ್ಮವರು ಎಷ್ಟು ಜನ ಮಕ್ಕಳ ಹೆಸರು ಬರೆಸಿದ್ದೀರಿ? ಹೋಗಿ ಕೇಳಿ, ಸಂಜೆ ಎಷ್ಟು ಹೊತ್ತು ತೆರೆದಿರುತ್ತೆ ಅಂತಲೂ ಕೇಳಿ.

ಜೊತೆಗೆ, ಕೇರಿಗಳಲ್ಲಿ ಅಂಬೇಡ್ಕರ್ ಭವನ ಕಟ್ಟಿದ್ದೀವಿ. ನಾನು ನೋಡಿದ ಎಷ್ಟೋ ಭವನಕ್ಕೆ ಏಪ್ರಿಲ್ 14 ಬಿಟ್ಟರೆ ಬೀಗ. ಒಳಗೆ ಶಾಮಿಯಾನ, ಅಡುಗೆ ಪಾತ್ರೆ. ನಮ್ಮ ಕೇರಿಯಲ್ಲಿ ಬರೋ ಸೋಮವಾರದಿಂದ ಸಂಜೆ ಆರರಿಂದ ಎಂಟರವರೆಗೆ ಬೀಗ ತೆಗೀತೀವಿ. ಡಿಗ್ರಿ ಓದೋ ಇಬ್ಬರು ಹುಡುಗೀರು ಲೆಕ್ಕ, ಇಂಗ್ಲಿಷ್ ಹೇಳಿಕೊಡೋಕೆ ಒಪ್ಪಿದ್ದಾರೆ, ನಾನು ಆಫೀಸು ಮುಗಿಸಿ ಬಂದು ಕೂರ್ತೀನಿ. ಎರಡು ಟ್ಯೂಬ್‌ಲೈಟು, ಒಂದು ಹಳೆಯ ಲ್ಯಾಪ್‌ಟಾಪ್, ಐದರಿಂದ ಹತ್ತನೇ ಕ್ಲಾಸಿನ ಪಠ್ಯಪುಸ್ತಕ ಬೇಕು. ಕೊಡೋರು ಇನ್‌ಬಾಕ್ಸ್‌ಗೆ ಬನ್ನಿ. ನಿಮ್ಮ ಊರಿನ ಭವನದ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕಮೆಂಟಲ್ಲಿ ಬರೀರಿ.