ಸೀಟಿ ಊದದ ರೆಫರಿ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವ ಮುಂಚೆ ಕೊಳ್ಳೇಗಾಲದಲ್ಲಿ ಚೆಂಡು ಒದೆಯುತ್ತಿದ್ದ ಹುಡುಗ ಕಾಗದದ ಮೇಲೆ ಮದ್ರಾಸಿನವನು, ಯಳಂದೂರಿನವನು ಮೈಸೂರಿನವನು. ಹನೂರೂ ಸೇರಿದಂತೆ ಕೊಳ್ಳೇಗಾಲ ತಾಲ್ಲೂಕು ಆಗ ಕೊಯಮತ್ತೂರು ಜಿಲ್ಲೆಯ ಭಾಗ. ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ, ಮೈಸೂರು ಸಂಸ್ಥಾನದ ಊರು. ನಡುವೆ ಇದ್ದದ್ದು ಸೈಕಲ್ ತುಳಿಯುವಷ್ಟು ದೂರ. ಆಡುವ ಮಾತೂ ಒಂದೇ ಕನ್ನಡ. ಆದರೆ 1941ರಲ್ಲಿ ಶುರುವಾದ ಸಂತೋಷ್ ಟ್ರೋಫಿಯಲ್ಲಿ ಮದ್ರಾಸ್ ಬೇರೆ ತಂಡ, ಮೈಸೂರು ಬೇರೆ ತಂಡ. ಗೆರೆ ಎಲ್ಲಿ ಎಳೆದರು ಎನ್ನುವುದರ ಮೇಲೆ ಆಟಗಾರ ಯಾರವನು ಎಂಬುದೂ ನಿಂತಿತ್ತು.

ಫುಟ್‌ಬಾಲ್ ಶುರುವಾದಾಗ ಮೈದಾನಕ್ಕೆ ಗೆರೆಯಿತ್ತು, ಗೆರೆ ಕಾಯುವವರೇ ಇರಲಿಲ್ಲ. 1863ರಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಕೂತು ಬರೆದ ಮೊದಲ ನಿಯಮಗಳಲ್ಲಿ ರೆಫರಿಯ ಸುಳಿವೇ ಇಲ್ಲ. ದೊಡ್ಡ ಮನೆತನದ ಹುಡುಗರು ಆಡುವ ಆಟ, ತಪ್ಪಾದರೆ ನಾಯಕರಿಬ್ಬರೂ ಮಾತಾಡಿಕೊಂಡು ಮುಂದುವರಿಯುತ್ತಾರೆ ಎಂಬ ನಂಬಿಕೆ. ಆಮೇಲೆ ತಂಡಕ್ಕೊಬ್ಬ ಅಂಪೈರ್ ಬಂದ. ಅವರಿಬ್ಬರೂ ಒಪ್ಪದಿದ್ದಾಗ ತೀರ್ಪು ಹೇಳಲು ಮೈದಾನದ ಆಚೆ ಒಬ್ಬ ರೆಫರಿ. 1891ರಲ್ಲಷ್ಟೇ ಆ ಮೂರನೆಯವನು ಒಳಗೆ ಕಾಲಿಟ್ಟ, ಅಂಪೈರುಗಳು ಲೈನ್ಸ್‌ಮನ್‌ಗಳಾಗಿ ಅಂಚಿಗೆ ಸರಿದರು.

ಪೆನಾಲ್ಟಿ ಕಿಕ್ ಬಂದದ್ದೂ ಅದೇ ವರ್ಷ. ಐರ್ಲೆಂಡಿನ ಗೋಲ್ ಕೀಪರ್ ವಿಲಿಯಂ ಮೆಕ್ರಮ್ ಅದನ್ನು ಸೂಚಿಸಿದಾಗ ಹಲವರಿಗೆ ಮೈ ಉರಿದುಹೋಯಿತು. ಸಂಭಾವಿತರು ಬೇಕೆಂದೇ ಎದುರಾಳಿಯ ಕಾಲಿಗೆ ಕಾಲು ಕೊಡುತ್ತಾರೆ ಎಂದು ನಿಯಮವೇ ಊಹಿಸುವುದು ಆಟಗಾರರಿಗೆ ಅವಮಾನ ಎಂಬ ಧಾಟಿಯಲ್ಲಿ ಇಂಗ್ಲೆಂಡಿನ ಆಟಗಾರ ಸಿ. ಬಿ. ಫ್ರೈ ಬರೆದರು. ನಿಯಮ ಮತ್ತು ಆಟದ ಮನೋಧರ್ಮದ ಜಗಳ ಅಂದಿನದು. ಆದರೆ ಫ್ರೈ ಮಾತಿನ ಹಿಂದೆ ಒಂದು ಸೌಕರ್ಯವಿತ್ತು: ಎದುರಾಳಿ ತನ್ನಂಥವನೇ, ತನ್ನ ಶಾಲೆಯಂಥ ಶಾಲೆಯಲ್ಲೇ ಓದಿದವನು. ಆಟ ಗಿರಣಿ ಕೆಲಸಗಾರರಿಗೆ, ದಂಡಿನ ಸಿಪಾಯಿಗಳಿಗೆ, ಕಡಲಾಚೆಯವರಿಗೆ ಹಬ್ಬಿದಾಗ ಆ ಸಲಿಗೆ ಉಳಿಯಲಿಲ್ಲ. ಒಬ್ಬರ ಮನೋಧರ್ಮ ಇನ್ನೊಬ್ಬರಿಗೆ ಗೊತ್ತಿಲ್ಲದ ಕಡೆ ಬರೆದಿಟ್ಟ ನಿಯಮವೇ ಮಧ್ಯಸ್ಥ.

ಮಾತೇ ತಿಳಿಯದ ಕಡೆ ಬರೆದದ್ದೂ ಸಾಲದು. 1966ರ ವಿಶ್ವಕಪ್‌ನಲ್ಲಿ ಜರ್ಮನಿಯ ರೆಫರಿ ಅರ್ಜೆಂಟೀನಾದ ನಾಯಕ ರಾಟ್ಟಿನ್‌ಗೆ ಹೊರಗೆ ಹೋಗೆಂದರೆ, ಆತ ಭಾಷೆ ಅರ್ಥವಾಗದೆಂದು ಅಲ್ಲಾಡದೆ ನಿಂತುಬಿಟ್ಟ. ಕೆನ್ ಆಸ್ಟನ್ ಎಂಬ ಇಂಗ್ಲಿಷ್ ರೆಫರಿ ಟ್ರಾಫಿಕ್ ದೀಪ ನೋಡಿ ಹಳದಿ, ಕೆಂಪು ಕಾರ್ಡು ಯೋಚಿಸಿದ್ದು ಆಮೇಲೆ. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಅವು ಜೇಬಿಗೆ ಬಂದವು. ಕನ್ನಡ, ತಮಿಳು ಎರಡೂ ಕೇಳಿಬರುವ ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆಯವರಿಗೆ ಈ ಉಪಾಯದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿಗೆ ಈ ಆಟ ದಂಡಿನ ಪಟಾಲಮುಗಳ ಜೊತೆ ಬಂತು, ಬೇಗನೆ ಊರಿನವರ ಕಾಲಿಗೆ ಹತ್ತಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಆ ಕಪ್ ಭಾರತೀಯ ತಂಡವೊಂದರ ಕೈಸೇರಿದ್ದು ಅದೇ ಮೊದಲು, ಮರುವರ್ಷವೂ ಅವರದೇ. ಮೈಸೂರು 1946–47ರಲ್ಲೂ 1952–53ರಲ್ಲೂ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. ಇವರಲ್ಲಿ ಅನೇಕರು ಬೂಟಿಲ್ಲದೆ ಆಡಿದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಿನಲ್ಲಿದ್ದ ಭಾರತ ತಂಡ ಫ್ರಾನ್ಸ್ ಎದುರು 1–2ರಿಂದ ಸೋತಿತು. ಭಾರತದ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10–1ರಿಂದ ಬಡಿದು ಹಾಕಿತು. ಆ ಒಂದನ್ನು ಹೊಡೆದವರೂ ಬೆಂಗಳೂರಿನವರೇ, ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ರಲ್ಲಿ ಒಬ್ಬರಾದ ಅಹ್ಮದ್ ಖಾನ್. ಆ ಚಳಿಯ ಸೋಲಿನ ನಂತರವೇ ಭಾರತದಲ್ಲಿ ಬೂಟು ಕಡ್ಡಾಯವಾಯಿತು.

ಇಷ್ಟೆಲ್ಲ ಹಿನ್ನೆಲೆಯ ಊರಿನಲ್ಲಿ, 2023ರ ಮಾರ್ಚ್ 3ರ ರಾತ್ರಿ, ಕಂಠೀರವ ಕ್ರೀಡಾಂಗಣದಲ್ಲಿ ನಿಯಮವೂ ಮನೋಧರ್ಮವೂ ನೇರ ಮುಖಾಮುಖಿಯಾದವು. ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಎದುರು ಕೇರಳ ಬ್ಲಾಸ್ಟರ್ಸ್. ನಿಗದಿತ ಸಮಯದಲ್ಲಿ ಗೋಲಿಲ್ಲ. ಹೆಚ್ಚುವರಿ ಆಟದ 96ನೇ ನಿಮಿಷದಲ್ಲಿ ಪೆನಾಲ್ಟಿ ಚೌಕದ ಹತ್ತಿರ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ತಡೆಗೋಡೆ ಕಟ್ಟಲು ಒಬ್ಬರನ್ನೊಬ್ಬರು ಕರೆಯುತ್ತಿದ್ದರು, ಕೀಪರ್ ಗಿಲ್ ಇನ್ನೂ ಜಾಗ ನೋಡಿಕೊಳ್ಳುತ್ತಿದ್ದರು. ಸುನಿಲ್ ಛೆಟ್ರಿ ಕಾಯಲಿಲ್ಲ. ಚೆಂಡು ಖಾಲಿ ಗೋಲಿನೊಳಕ್ಕೆ ಇಳಿಯಿತು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು.

ಸೀಟಿ ಊದಿರಲಿಲ್ಲವಲ್ಲ ಎಂಬ ಕೂಗು ಎದ್ದದ್ದು ಆಗ. ಕೇರಳದ ಕೋಚ್ ಇವಾನ್ ವುಕೊಮನೋವಿಚ್ ತಮ್ಮ ಹುಡುಗರನ್ನು ಕರೆದುಕೊಂಡು ಹೊರನಡೆದರು. ಕಾದು ನೋಡಿದ ಮೇಲೆ ಬೆಂಗಳೂರು ಗೆದ್ದಿತೆಂದು ಘೋಷಣೆಯಾಯಿತು.

ನಿಯಮ ಪುಸ್ತಕದ 13ನೇ ನಿಯಮ ಇಲ್ಲಿ ಅಷ್ಟೇನೂ ಗೊಂದಲದ್ದಲ್ಲ. ಎದುರಾಳಿಗಳು 9.15 ಮೀಟರ್, ಅಂದರೆ ಹಳೆಯ ಲೆಕ್ಕದ ಹತ್ತು ಗಜ, ದೂರ ನಿಲ್ಲಬೇಕು. ಆ ದೂರ ಕೇಳುವುದು ಒದೆಯುವವನ ಹಕ್ಕು. ಬೇಡವೆಂದರೆ ತಕ್ಷಣ ಒದೆಯಬಹುದು, ಅದಕ್ಕೆ ಸೀಟಿ ಬೇಕಿಲ್ಲ. ಆದರೆ ರೆಫರಿಯೇ ಗೋಡೆಯನ್ನು ಹಿಂದೆ ಸರಿಸಲು ನಿಂತರೆ, ಅಥವಾ ಕಾರ್ಡು ತೆಗೆದರೆ, ಸೀಟಿ ಬರುವವರೆಗೂ ಕಾಯಬೇಕು. ಜಗಳವಿದ್ದದ್ದು ಈ ಸಣ್ಣ ಸಂದಿಯಲ್ಲಿ: ಜಾನ್ ಆ ಕೆಲಸಕ್ಕೆ ಕೈಹಾಕಿದ್ದರೋ ಇಲ್ಲವೋ. ಹಾಕಿದ್ದರೆಂದು ಕೇರಳ ವಾದಿಸಿತು. ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ ಎಂದರು ಛೆಟ್ರಿ.

ಮೋಸದ ಗೋಲು ಎಂಬ ಮಾತು ಇಂದಿಗೂ ಕೇಳಿಸುತ್ತದೆ. ಅದು ಪೂರಾ ಹುರುಳಿಲ್ಲದ ಮಾತು. ತಪ್ಪು ಮಾಡಿದ ತಂಡಕ್ಕೆ ಸಾವರಿಸಿಕೊಳ್ಳಲು ಬಿಡುವು ಕೊಡುವುದು ಫ್ರೀ ಕಿಕ್ಕಿನ ಉದ್ದೇಶವೇ ಅಲ್ಲ. ಏಟು ತಿಂದವನಿಗೆ ಸಿಗುವ ಲಾಭ ಅದು. ಆ ರಾತ್ರಿ ಮನೋಧರ್ಮಕ್ಕೆ ಪೆಟ್ಟು ಬಿದ್ದದ್ದು ಆಟ ಬಿಟ್ಟು ಎದ್ದು ಹೋದಾಗ. ಶಿಸ್ತು ಸಮಿತಿ ಕೇರಳ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯ ನಿಷೇಧ.

ಹಾಗಾದರೆ ಮನೋಧರ್ಮ ಎಲ್ಲಿ ಕೆಲಸಕ್ಕೆ ಬರುತ್ತದೆ? ಕಂಠೀರವಕ್ಕಿಂತ ಹೆಚ್ಚಾಗಿ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ. ಅಲ್ಲಿ ಸೀಟಿ ಇರುವುದು ಪಿ.ಟಿ. ಮೇಷ್ಟ್ರ ಕೊರಳಲ್ಲಿ. ಸುಣ್ಣದ ಗೆರೆ ಅಂಕುಡೊಂಕು, ಮೂಲೆಯಲ್ಲಿ ಬಾವುಟವಿಲ್ಲ, ಕಂಬಕ್ಕೆ ಬಣ್ಣ ಕಂಡು ಕಾಲವಾಗಿದೆ. 4ನೇ ನಿಯಮದ ಪ್ರಕಾರ ಬೂಟು, ಸಾಕ್ಸು, ಮೊಣಕಾಲ ಕೆಳಗಿನ ಗಾರ್ಡು ಎಲ್ಲವೂ ಕಡ್ಡಾಯ. ಅದನ್ನು ಅಕ್ಷರಶಃ ಹಿಡಿದರೆ ಎಷ್ಟೋ ಪಂದ್ಯ ಶುರುವೇ ಆಗುವುದಿಲ್ಲ.

2016ರಲ್ಲಿ ಇಂಗ್ಲೆಂಡಿನ ಮಾಜಿ ರೆಫರಿ ಡೇವಿಡ್ ಎಲ್ಲರೆ ಮುಂದಾಳತ್ವದಲ್ಲಿ ನಿಯಮ ಪುಸ್ತಕವನ್ನು ಹೊಸದಾಗಿ ಬರೆದಾಗ, ಮೇಷ್ಟ್ರುಗಳು ಮೊದಲಿಂದ ಮಾಡುತ್ತಿದ್ದುದಕ್ಕೆ ಅಧಿಕೃತ ಮುದ್ರೆ ಬಿತ್ತು. ರೆಫರಿ ನಿಯಮದ ಜೊತೆಗೆ ಆಟದ ಮನೋಧರ್ಮಕ್ಕೂ ತಕ್ಕಂತೆ ತೀರ್ಮಾನಿಸಬೇಕು ಎಂದು 5ನೇ ನಿಯಮ ಬಾಯಿಬಿಟ್ಟು ಹೇಳಿತು. ವಿವರಣೆಯಲ್ಲಿ ಕೊಟ್ಟ ಉದಾಹರಣೆಗಳನ್ನು ಕಂಡರೆ ಬರೆದವರು ಹನೂರಿನ ಮೈದಾನ ನೋಡಿ ಬಂದಿದ್ದರೇನೋ ಅನ್ನಿಸಬೇಕು: ಮೂಲೆಯ ಬಾವುಟ ಇಲ್ಲದಿದ್ದರೆ, ಗೆರೆ ಚೂರು ತಪ್ಪಿದ್ದರೆ, ಗೋಲು ಕಂಬ ಬಿಳಿಯಾಗಿಲ್ಲದಿದ್ದರೆ, ಎರಡೂ ತಂಡ ಒಪ್ಪಿದರೆ ಆಡಿಸಿ, ಆಮೇಲೆ ವರದಿ ಬರೆಯಿರಿ. ಆದರೆ ಅಪಾಯದ ವಿಷಯದಲ್ಲಿ ಈ ರಿಯಾಯಿತಿ ಇಲ್ಲ. ಮೇಲಿನ ಅಡ್ಡಪಟ್ಟಿ ಮುರಿದರೆ ಅದರ ಜಾಗಕ್ಕೆ ಹಗ್ಗ ಕಟ್ಟಿ ಆಡಿಸುವಂತಿಲ್ಲ. ಸರಿಪಡಿಸುವವರೆಗೂ ಆಟ ನಿಲ್ಲಿಸಬೇಕು.