ಕಡ ತಂದ ಬೆಂಕಿ

ಐವತ್ತು ವರ್ಷಗಳಿಗೂ ಹಿಂದೆ, ತುಂಬಿದ ಒಂದು ಸಭೆಯಲ್ಲಿ, ಒಳ್ಳೆಯದೊಂದು ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ನಾನು ಪಾರಾದೆ. ಉಳಿದ ಅರ್ಧವನ್ನು ಈ ಸಂಜೆ ಬಾನುಲಿಯ ಮೂಲಕವಾದರೂ ಸಲ್ಲಿಸೋಣವೆಂದು ಬಂದಿದ್ದೇನೆ.

ಅದು 1974ನೆಯ ಇಸವಿ. ನಾನು ಆಗ ಒಂದು ತಾಲ್ಲೂಕು ಪಟ್ಟಣದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಕಿರಿಯ ಅಧ್ಯಾಪಕ. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಅರಬ್ ದೇಶಗಳಿಗೂ ಇಸ್ರೇಲಿಗೂ ಯುದ್ಧ ನಡೆದು, ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ಪೀಪಾಯಿಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಹತ್ತಿರಕ್ಕೆ ಏರಿತ್ತು. ಊರಿನ ವಾಚನಾಲಯದವರು ‘ಪೆಟ್ರೋಲು ಮುಗಿದ ಮೇಲೆ’ ಎಂಬ ವಿಷಯವನ್ನು ಕುರಿತು ಮಾತನಾಡಲು ನನ್ನನ್ನು ಕರೆದರು. ನಾನು ಸಡಗರದಿಂದ ಹೋದೆ. ಮೇಜಿನ ಮೇಲೆ ಪ್ರನಾಳವನ್ನಿಟ್ಟು, ಸತುವಿನ ಚೂರುಗಳಿಗೆ ಆಮ್ಲ ಸುರಿದು, ಹೊರಟ ಅನಿಲಕ್ಕೆ ಉರಿವ ಕಡ್ಡಿ ಹಿಡಿದೆ. ‘ಪಟ್’ ಎಂದು ಸದ್ದಾಯಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಕ್ಕಳು ನಕ್ಕರು. ಪ್ರನಾಳದ ಒಳಗೋಡೆಗೆ ಕಟ್ಟಿದ ಮಂಜನ್ನು ತೋರಿಸಿ, ‘ಜಲಜನಕ ಉರಿದರೆ ಬರುವ ಹೊಗೆ ಇದು, ಬರಿಯ ನೀರು. ಇನ್ನು ಇಪ್ಪತ್ತು ವರ್ಷಗಳಲ್ಲಿ ನಮ್ಮ ಬಸ್ಸು ಕಾರುಗಳೆಲ್ಲ ಇದರಿಂದ ಓಡುತ್ತವೆ’ ಎಂದು ಸಾರಿದೆ.

ಆಗ ಎದ್ದು ನಿಂತವರು ಊರಿನ ಹಿಟ್ಟಿನ ಗಿರಣಿಯ ಯಜಮಾನರು. ವಿದ್ಯುತ್ತಿನ ಬಿಲ್ಲನ್ನೂ ವಿದ್ಯುತ್ತಿನ ಕಡಿತವನ್ನೂ ಅವರಷ್ಟು ಬಲ್ಲವರು ಆ ಸಭೆಯಲ್ಲಿ ಬೇರೊಬ್ಬರಿರಲಿಲ್ಲ. ‘ಮೇಷ್ಟ್ರೇ, ನೀರು ಒಡೆದು ಇದನ್ನ ತೆಗೆಯೋದಕ್ಕೆ ಕರೆಂಟು ಬೇಕು ಅಂದಿರಿ. ಆ ಕರೆಂಟನ್ನೇ ನೇರವಾಗಿ ಗಾಡಿಗೆ ಕೊಟ್ಟರೆ ಆಗೋದಿಲ್ಲವೆ?’ ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ‘ಸೀಸದ ಬ್ಯಾಟರಿ ಹೊತ್ತ ಕಾರು ಬ್ಯಾಟರಿಯನ್ನೇ ಹೊರುತ್ತದೆ, ಯಜಮಾನರೇ, ನಿಮ್ಮನ್ನಲ್ಲ’ ಎಂದೆ. ಅಂದಿಗೆ ಅದು ಸುಳ್ಳೇನೂ ಆಗಿರಲಿಲ್ಲ. ಆದರೆ ಅವರು ಕೇಳಿದ್ದು ಬ್ಯಾಟರಿಯ ತೂಕವನ್ನಲ್ಲ. ಈ ಇಂಧನದ ಹುಟ್ಟನ್ನು.

ಹೆಸರಿನಿಂದಲೇ ತೊಡಗೋಣ. 1766ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಇದನ್ನು ಒಂದು ಪ್ರತ್ಯೇಕ ವಸ್ತುವೆಂದು ಗುರುತಿಸಿ ‘ಉರಿಯುವ ಗಾಳಿ’ ಎಂದು ಕರೆದ. 1780ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ, ಇದು ಉರಿದಾಗ ನೀರು ಹುಟ್ಟುತ್ತದೆಂದು ತೋರಿಸಿ, ನೀರನ್ನು ಹುಟ್ಟಿಸುವುದು ಎಂಬರ್ಥದ ಗ್ರೀಕ್ ಮೂಲದ ಹೆಸರನ್ನು ಕೊಟ್ಟ. ನಮ್ಮವರು ಅದನ್ನು ಜಲಜನಕ ಎಂದು ಕನ್ನಡಿಸಿದರು. ಸುಂದರವಾದ ಪದ. ಆದರೆ ಈ ಜನಕ ತನ್ನ ಮಗುವಿನ ಹೊಟ್ಟೆಯೊಳಗೇ ಸೆರೆಯಾಗಿದ್ದಾನೆ. ಕಲ್ಲಿದ್ದಲು ಅಗೆದರೆ ಸಿಗುತ್ತದೆ, ತೈಲ ಕೊರೆದರೆ ಸಿಗುತ್ತದೆ; ಜಲಜನಕವನ್ನು ಮಾತ್ರ ನೀರಿನಿಂದಲೋ ನೈಸರ್ಗಿಕ ಅನಿಲದಿಂದಲೋ ಬಿಡಿಸಿಕೊಳ್ಳಬೇಕು. ಆಫ್ರಿಕಾದ ಮಾಲಿ ದೇಶದ ಬಾವಿಯೊಂದರಲ್ಲಿ ಇದು ತಾನಾಗಿ ಹೊಮ್ಮಿದ್ದುಂಟು; ಅಂಥವು ಅಪವಾದಗಳು. ಹಿಂದೆ ಹಳ್ಳಿಗಳಲ್ಲಿ ಒಲೆ ಆರಿದರೆ ನೆರೆಮನೆಯಿಂದ ಕೆಂಡ ಕಡ ತರುತ್ತಿದ್ದರು. ಜಲಜನಕವೂ ಅಂಥ ಕಡ ತಂದ ಬೆಂಕಿ. ನೆರೆಮನೆಯವರು ಅದಕ್ಕಾಗಿ ಎಷ್ಟು ಸೌದೆ ಸುಟ್ಟರೆಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇದರಿಂದ ಗಾಡಿ ಓಡಿಸಬೇಕೆಂಬ ಹಂಬಲ ಪೆಟ್ರೋಲಿಗಿಂತ ಹಳೆಯದು. ಸ್ವಿಟ್ಜರ್‌ಲೆಂಡಿನಲ್ಲಿದ್ದ ಫ್ರಾನ್ಸ್ವಾ ಐಸಾಕ್ ದ ರಿವಾಜ್ ಎಂಬಾತ 1807ರಲ್ಲಿ ಜಲಜನಕದ ಎಂಜಿನ್ನಿಗೆ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ. ವಿದ್ಯುತ್ತಿನ ಕಿಡಿಯಿಂದ ಅನಿಲ ಸಿಡಿದು ಪಿಸ್ಟನ್ನನ್ನು ಮೇಲಕ್ಕೆಸೆಯುತ್ತಿತ್ತು. ಅದು ತನ್ನ ಭಾರದಿಂದ ಇಳಿಯುವಾಗ ಹಗ್ಗವೊಂದು ಚಕ್ರವನ್ನು ತಿರುಗಿಸುತ್ತಿತ್ತು. 1813ರಲ್ಲಿ ಆತ ಸುಮಾರು ಆರು ಮೀಟರು ಉದ್ದದ ದೊಡ್ಡ ಗಾಡಿಯೊಂದನ್ನು ಕಟ್ಟಿ ನಡೆಸಿದ. ಒಂದು ಸಿಡಿತಕ್ಕೆ ಕೆಲವು ಮೀಟರು, ಮತ್ತೆ ಕಿಡಿ, ಮತ್ತೆ ಕೆಲವು ಮೀಟರು. ಕಾರ್ಲ್ ಬೆನ್ಜ್‌ನ ಮೋಟಾರು ಗಾಡಿಗೆ ಇನ್ನೂ 70 ವರ್ಷಗಳಿದ್ದವು. ಆ ಕಾಲದಲ್ಲಿ ಜಲಜನಕ ಬೇಕಾದರೆ ಕಬ್ಬಿಣದ ಚೂರಿನ ರಾಶಿಯ ಮೇಲೆ ಗಂಧಕಾಮ್ಲ ಸುರಿಯಬೇಕಾಗಿತ್ತು. ಸಂತೆಗೆ ಹೋಗಿಬರಲು ಯಾರು ತಾನೆ ಅಷ್ಟು ಕಬ್ಬಿಣ ಕರಗಿಸಿಯಾರು?

ಸಾಹಿತಿಗಳಿಗೆ ಮಾತ್ರ ಈ ಅನಿಲದ ಮೇಲಿನ ಮೋಹ ಬಿಡಲಿಲ್ಲ. ಜೂಲ್ಸ್ ವರ್ನ್ ತನ್ನ ‘ರಹಸ್ಯದ ದ್ವೀಪ’ ಕಾದಂಬರಿಯಲ್ಲಿ, 1874ರ ಹೊತ್ತಿಗೇ, ಕಲ್ಲಿದ್ದಲು ಮುಗಿದ ಮೇಲೆ ನೀರೇ ಉರುವಲಾಗುವುದೆಂದು ಎಂಜಿನಿಯರನೊಬ್ಬನ ಬಾಯಿಂದ ಹೇಳಿಸಿದ. 1923ರಲ್ಲಿ ಕೇಂಬ್ರಿಜ್ಜಿನಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಮಾಡಿದ ಭಾಷಣ ಇನ್ನೂ ಸೋಜಿಗದ್ದು. ಮುಂದೆ ಭಾರತಕ್ಕೆ ಬಂದು ನೆಲೆಸಿ, ಭಾರತದ ಪ್ರಜೆಯೂ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್. ಗಾಳಿಯಂತ್ರಗಳ ಸಾಲುಗಳು ವಿದ್ಯುತ್ತು ಬೆಳೆದು, ಮಿಕ್ಕಿದ ವಿದ್ಯುತ್ತು ನೀರನ್ನು ಒಡೆದು, ಜಲಜನಕವನ್ನು ದ್ರವವಾಗಿಸಿ ನೆಲದೊಳಗಿನ ಕಣಜಗಳಲ್ಲಿ ಕೂಡಿಡುವ ಕಾಲವನ್ನು ಆತ ಬಣ್ಣಿಸಿದ. ಮುಖ್ಯವಾದ ಮಾತು ಇದು: ತೂಕಕ್ಕೆ ತೂಕವಿಟ್ಟು ನೋಡಿದರೆ ದ್ರವ ಜಲಜನಕ ಪೆಟ್ರೋಲಿನ ಮೂರರಷ್ಟು ಶಾಖ ಕೊಡುತ್ತದೆ, ಅಳತೆಗೆ ಅಳತೆಯಿಟ್ಟರೆ ಮೂರನೆಯ ಒಂದು ಪಾಲು ಮಾತ್ರ. ಆಸೆಯನ್ನೂ ಅಡ್ಡಿಯನ್ನೂ ಒಟ್ಟಿಗೇ ತಕ್ಕಡಿಗೆ ಹಾಕಿದ ಆ ಪ್ರಾಮಾಣಿಕತೆ 1974ರಲ್ಲಿ ನನಗಿರಲಿಲ್ಲ. ಆ ಭಾಷಣವನ್ನು ಓದಿಯೂ ಮೊದಲ ಅರ್ಧವನ್ನಷ್ಟೇ ಸಭೆಗೆ ಹೇಳಿದ್ದೆ.

ಇನ್ನು ಈ ಅನಿಲ ನಿಜವಾಗಿ ಗಾಡಿಯ ಎಂಜಿನ್ನುಗಳನ್ನು ತಿರುಗಿಸಿದ ಕತೆಗೆ ಬರುತ್ತೇನೆ. ಅದು ನಡೆದದ್ದು ಲೆನಿನ್‌ಗ್ರಾಡಿನಲ್ಲಿ.

1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಆ ನಗರವನ್ನು ಸುತ್ತುಗಟ್ಟಿತು. 872 ದಿನಗಳ ಮುತ್ತಿಗೆ ಅದು. ನವೆಂಬರಿನ ಹೊತ್ತಿಗೆ ಅನೇಕರ ಪಾಲಿನ ರೊಟ್ಟಿ ದಿನಕ್ಕೆ 125 ಗ್ರಾಮಿಗೆ ಇಳಿದಿತ್ತು. ಶತ್ರುವಿಮಾನಗಳು ತಗ್ಗಿ ಹಾರದಂತೆ ನಗರದ ಮೇಲೆ ಉಕ್ಕಿನ ಹಗ್ಗ ಕಟ್ಟಿದ ದೊಡ್ಡ ಬಲೂನುಗಳನ್ನು ತೇಲಿಬಿಡುತ್ತಿದ್ದರು. ಅವುಗಳೊಳಗೆ ಇದ್ದದ್ದು ಜಲಜನಕ. ಕೆಲವು ವಾರಗಳಲ್ಲಿ ಬಲೂನಿನೊಳಕ್ಕೆ ಹೊರಗಿನ ಗಾಳಿ ನುಸುಳಿ ಅದು ಭಾರವಾಗುತ್ತದೆ. ಆಗ ಕೆಳಗಿಳಿಸಿ, ಕೆಟ್ಟ ಅನಿಲವನ್ನು ಹೊರಬಿಟ್ಟು, ಹೊಸದನ್ನು ತುಂಬಬೇಕು. ಇಳಿಸುವುದಕ್ಕೂ ಏರಿಸುವುದಕ್ಕೂ ಹಗ್ಗ ಸುತ್ತುವ ರಾಟೆಗಳಿದ್ದವು; ರಾಟೆಗಳನ್ನು ತಿರುಗಿಸುತ್ತಿದ್ದುದು ಲಾರಿಗಳ ಎಂಜಿನ್ನು. ಮುತ್ತಿಗೆಯ ನಗರದಲ್ಲಿ ಪೆಟ್ರೋಲು ಮುಗಿಯಿತು. ವಿದ್ಯುತ್ತಿನ ರಾಟೆ ಇಡೋಣವೆಂದರೆ ವಿದ್ಯುತ್ತೂ ನಿಂತಿತು.

ಆ ಯಂತ್ರಗಳ ದುರಸ್ತಿಯ ಹೊಣೆ ಹೊತ್ತಿದ್ದವನು ಬೊರಿಸ್ ಶೆಲಿಶ್ಚ್ ಎಂಬ ತರುಣ ತಂತ್ರಜ್ಞ. ಆತನಿಗೆ ಆ ಗಳಿಗೆಯಲ್ಲಿ ಜೂಲ್ಸ್ ವರ್ನ್‌ನ ಕಾದಂಬರಿಯ ಮಾತು ನೆನಪಾಯಿತೆಂದು ಹೇಳುತ್ತಾರೆ. ಬಲೂನಿನಿಂದ ಸುಮ್ಮನೆ ಗಾಳಿಗೆ ಬಿಡುತ್ತಿದ್ದ ಅನಿಲವನ್ನೇ ಕೊಳವೆಯ ಮೂಲಕ ಲಾರಿಯ ಎಂಜಿನ್ನಿಗೆ ಹಾಯಿಸಿದ. ಎಂಜಿನ್ನು ಓಡಿತು. ಆದರೆ ಒಮ್ಮೆ ಎಂಜಿನ್ನಿನೊಳಗಿನ ಜ್ವಾಲೆ ಕೊಳವೆಗುಂಟ ಹಿಂದಕ್ಕೆ ನುಗ್ಗಿ ಸ್ಫೋಟವಾಗಿ, ಆತನೂ ಪೆಟ್ಟು ತಿಂದ. ಮುಂದೆ ಆತ ಕಂಡುಕೊಂಡ ಉಪಾಯ ಎಷ್ಟು ಸರಳ ನೋಡಿ: ಬಲೂನಿಗೂ ಎಂಜಿನ್ನಿಗೂ ನಡುವೆ ನೀರು ತುಂಬಿದ ಪಾತ್ರೆ. ಅನಿಲ ನೀರಿನೊಳಗೆ ಗುಳ್ಳೆಗುಳ್ಳೆಯಾಗಿ ದಾಟಿ ಹೋಗಬಲ್ಲದು. ಬೆಂಕಿ ನೀರನ್ನು ದಾಟಿ ಹಿಂದಕ್ಕೆ ಬರಲಾರದು. ನೂರಾರು ಲಾರಿಗಳಿಗೆ ಈ ಏರ್ಪಾಟಾಯಿತು. 1941ರ ಕೊನೆಯಲ್ಲಿ ಶೆಲಿಶ್ಚ್‌ಗೆ ಕೆಂಪು ನಕ್ಷತ್ರದ ಪದಕ ಸಂದಿತು. ಮರುವರ್ಷ ನಗರದಲ್ಲಿ ನಡೆದ ಪ್ರದರ್ಶನವೊಂದರಲ್ಲಿ, ಮುಚ್ಚಿದ ಕೋಣೆಯೊಳಗೇ ಆ ಎಂಜಿನ್ನನ್ನು ಓಡಿಸಿ ತೋರಿಸಿದರಂತೆ. ಹಸಿದ ಜನ, ಕೊರೆಯುವ ಚಳಿ, ಹೊಗೆಯಿಲ್ಲದೆ ಗುಡುಗುಡಿಸುವ ಒಂದು ಯಂತ್ರ. ಈ ಚಿತ್ರ ನನ್ನ ಕಣ್ಣಿಂದ ಮರೆಯಾಗುವುದಿಲ್ಲ.

ಆದರೂ ಗಿರಣಿಯ ಯಜಮಾನರ ಪ್ರಶ್ನೆಯನ್ನು ಇಲ್ಲಿಗೂ ತರಬೇಕು. ಆ ಜಲಜನಕ ಎಲ್ಲಿಂದ ಬಂತು? ಅದನ್ನು ಆಗಲೇ ತಯಾರಿಸಿ ಆಗಿತ್ತು. ಅದರ ಖರ್ಚು ಬಲೂನಿನ ಲೆಕ್ಕಕ್ಕೆ ಬಿದ್ದಿತ್ತು. ಶೆಲಿಶ್ಚ್ ಉರಿಸಿದ್ದು, ಇನ್ನೇನು ಚೆಲ್ಲಿಹೋಗಲಿದ್ದ ಅನಿಲವನ್ನು. ಆತನ ಜಾಣ್ಮೆಗೆ ಇದರಿಂದ ಕುಂದೇನೂ ಇಲ್ಲ. ಆದರೆ ಆ ಲಾರಿಗಳನ್ನು ತೋರಿಸಿ ‘ನೋಡಿ, ಜಲಜನಕದ ಯುಗ ಸಾಧ್ಯ’ ಎನ್ನುವವರು ಬಲೂನನ್ನು ಮರೆಯುತ್ತಾರೆ.

ಅದೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವ ನಮ್ಮ ಮೈಸೂರು ಸೀಮೆಯನ್ನೂ ಮುಟ್ಟಿತ್ತು. ಬೆನ್ನಿಗೆ ಒಲೆ ಕಟ್ಟಿಕೊಂಡ ಇದ್ದಿಲ ಬಸ್ಸುಗಳನ್ನು ನಮ್ಮ ತಂದೆಯ ತಲೆಮಾರಿನವರು ಬಲ್ಲರು. ಏರು ಬಂದರೆ ಪ್ರಯಾಣಿಕರು ಇಳಿದು ನೂಕಬೇಕಾಗಿತ್ತೆಂದು ತಂದೆ ನಗುತ್ತಿದ್ದರು. ಆ ಇದ್ದಿಲ ಅನಿಲದಲ್ಲಿಯೂ ಇಂಗಾಲದ ಮಾನಾಕ್ಸೈಡಿನ ಜೊತೆ ಒಂದಷ್ಟು ಜಲಜನಕವಿರುತ್ತದೆ. ಯುದ್ಧ ಮುಗಿದು ಪೆಟ್ರೋಲು ಬಂದದ್ದೇ ತಡ, ಆ ಬಸ್ಸುಗಳೂ ಹಿಂದೆ ಸರಿದವು.

ಎಂಜಿನ್ನಿನಲ್ಲಿ ಸುಡದೆಯೇ ಜಲಜನಕವನ್ನು ಬಳಸುವ ಇನ್ನೊಂದು ಹಾದಿಯೂ ಉಂಟು. ನೀರನ್ನು ವಿದ್ಯುತ್ತಿನಿಂದ ಒಡೆಯುವ ಕ್ರಿಯೆಯನ್ನು ತಿರುವುಮುರುವಾಗಿಸಿ, ಜಲಜನಕ ಆಮ್ಲಜನಕಗಳನ್ನು ಕೂಡಿಸಿ ವಿದ್ಯುತ್ತು ಪಡೆಯಬಹುದೆಂದು ವಿಲಿಯಂ ಗ್ರೋವ್ 1839ರಷ್ಟು ಹಿಂದೆಯೇ ತೋರಿಸಿದ್ದ. ಇದೇ ಇಂಧನ ಕೋಶ. ಚಂದ್ರಲೋಕಕ್ಕೆ ಹೋದ ಅಪೊಲೊ ನೌಕೆಗಳಿಗೆ ವಿದ್ಯುತ್ತನ್ನೂ ಕುಡಿಯುವ ನೀರನ್ನೂ ಕೊಟ್ಟದ್ದು ಅದು. 1966ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಇದನ್ನು ಒಂದು ವ್ಯಾನಿಗೆ ಅಳವಡಿಸಿತು. ವ್ಯಾನು ಓಡಿತು, ಆದರೆ ತೊಟ್ಟಿಗಳೂ ಕೊಳವೆಗಳೂ ಒಳಗನ್ನೆಲ್ಲ ಆಕ್ರಮಿಸಿ, ಕೂರಲು ಉಳಿದದ್ದು ಎರಡೇ ಜಾಗ. ಸೀಸದ ಬ್ಯಾಟರಿಯನ್ನು ಹಾಸ್ಯಮಾಡಿದ ನಾನು ಈ ವ್ಯಾನಿನ ಸುದ್ದಿಯನ್ನು ಅಂದು ಸಭೆಯಲ್ಲಿ ಎತ್ತಲೇ ಇಲ್ಲ.

ಮುಂದಿನವರು ಈ ಅಡ್ಡಿಯನ್ನು ಬಹುಮಟ್ಟಿಗೆ ದಾಟಿದರು, ನಿಜ. 2014ರಲ್ಲಿ ಜಪಾನಿನ ಟೊಯೊಟಾ ಮಾರಾಟಕ್ಕಿಟ್ಟ ‘ಮಿರಾಯ್’ ಕಾರು, ಗಾಳಿಯ ಒತ್ತಡದ 700 ಪಟ್ಟು ಒತ್ತಡದಲ್ಲಿ ಅನಿಲವನ್ನು ತುಂಬಿಕೊಳ್ಳುತ್ತದೆ. ತುಂಬಲು ಕೆಲವು ನಿಮಿಷ ಸಾಕು. ಅದರ ಈಚಿನ ಮಾದರಿ ಐದೂವರೆ ಕಿಲೋಗ್ರಾಮಿನಷ್ಟು ಅನಿಲದಲ್ಲಿ 600 ಕಿಲೋಮೀಟರಿಗೂ ಮಿಕ್ಕಿ ಓಡಬಲ್ಲದು. 2022ರ ಮಾರ್ಚಿನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಅಂಥದೇ ಕಾರಿನಲ್ಲಿ ಸಂಸತ್ತಿಗೆ ಬಂದಿಳಿದರು. ಪತ್ರಿಕೆಯಲ್ಲಿ ಆ ಚಿತ್ರ ಕಂಡಾಗ, ಕೊನೆಗೂ ನನ್ನ ಮಾತು ಉಳಿಯಿತೆಂದು ಒಂದು ಕ್ಷಣ ಹಿಗ್ಗಿದ್ದುಂಟು.

ಲೆಕ್ಕ ಹಾಕಿ ಕುಳಿತಾಗ ಹಿಗ್ಗು ಇಳಿಯಿತು. ನೀರನ್ನು ಒಡೆದು ಒಂದು ಕಿಲೋಗ್ರಾಂ ಜಲಜನಕ ತೆಗೆಯಲು 50 ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಬೇಕು. ಅದನ್ನು ಒತ್ತಿ, ಸಾಗಿಸಿ, ಮತ್ತೆ ವಿದ್ಯುತ್ತಾಗಿಸುವಷ್ಟರಲ್ಲಿ, ಹೊರಟ 100 ಪಾಲಿನಲ್ಲಿ ಚಕ್ರವನ್ನು ಮುಟ್ಟುವುದು ಸುಮಾರು 30. ಅದೇ ವಿದ್ಯುತ್ತನ್ನು ಬ್ಯಾಟರಿಗೆ ತುಂಬಿದರೆ 70ರ ಆಚೀಚೆ. ಇಂದು ಜಗತ್ತಿನಲ್ಲಿ ತಯಾರಾಗುವ ಜಲಜನಕದ ಬಹುಪಾಲು ನೈಸರ್ಗಿಕ ಅನಿಲದಿಂದಲೂ ಕಲ್ಲಿದ್ದಲಿನಿಂದಲೂ ಬರುತ್ತದೆ. ನೈಸರ್ಗಿಕ ಅನಿಲದಿಂದ ತೆಗೆದರೂ ಕಿಲೋಗ್ರಾಮಿಗೆ ಸುಮಾರು 9 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಕಾರಿನ ಬಾಲದಲ್ಲಿ ಕಾಣದ ಹೊಗೆ ಕಾರ್ಖಾನೆಯ ಚಿಮಣಿಯಲ್ಲಿದೆ. ಅನಿಲದ ಸ್ವಭಾವವೂ ಚಂಚಲ: ಸಣ್ಣ ಸಂದಿಯಿಂದಲೂ ಸೋರುತ್ತದೆ, ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಎಷ್ಟು ಬೆರೆತರೂ ಹೊತ್ತಿಕೊಳ್ಳುತ್ತದೆ, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. 2019ರ ಜೂನಿನಲ್ಲಿ ನಾರ್ವೆಯ ಸ್ಯಾಂಡ್ವಿಕಾದಲ್ಲಿ ಜಲಜನಕ ತುಂಬಿಸುವ ಬಂಕೊಂದು ಸ್ಫೋಟಿಸಿತು. 2024ರಲ್ಲಿ ಶೆಲ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಕಾರುಗಳಿಗಾಗಿ ತೆರೆದಿದ್ದ ತನ್ನ ಜಲಜನಕದ ಬಂಕುಗಳನ್ನು ಮುಚ್ಚಿತು. ಇತ್ತ 1991ರಲ್ಲಿ ಪೇಟೆಗೆ ಬಂದ ಲಿಥಿಯಂ ಬ್ಯಾಟರಿ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತ ಬಂದು, ನನ್ನ ಅರ್ಧ ಉತ್ತರವನ್ನೂ ಹಳೆಯದಾಗಿಸಿತು.

ಹಾಗೆಂದು ಈ ಅನಿಲವನ್ನು ಮೂಲೆಗೆಸೆಯಲಾಗದು. ಗೊಬ್ಬರಕ್ಕೆ ಬೇಕಾದ ಅಮೋನಿಯಾ ಇದರಿಂದಲೇ ಆಗಬೇಕು. ಕಬ್ಬಿಣದ ಅದಿರನ್ನು ಕಲ್ಲಿದ್ದಲಿಲ್ಲದೆ ಕರಗಿಸಲು ಇದು ಒಂದು ದಾರಿ. ದೂರ ಸಾಗುವ ಲಾರಿಗಳ ವಿಷಯದಲ್ಲಿ ವಾದ ಇನ್ನೂ ಮುಗಿದಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಸಿರು ಜಲಜನಕದ ಯೋಜನೆಗೆ 19,744 ಕೋಟಿ ರೂಪಾಯಿಗಳ ಮಂಜೂರಾತಿ ಕೊಟ್ಟಿತು. ಬಿಸಿಲಿನಿಂದಲೂ ಗಾಳಿಯಿಂದಲೂ ಬಂದ ವಿದ್ಯುತ್ತಿನಿಂದ ನೀರನ್ನು ಒಡೆಯುವ ಯೋಜನೆ. ಹಾಲ್ಡೇನ್ ಕೇಳಿದ್ದರೆ ಮೀಸೆಯೊಳಗೇ ನಗುತ್ತಿದ್ದನೇನೋ. ನಾನು ಸೋತದ್ದು ಮನೆಮನೆಯ ಕಾರಿನ ವಿಷಯದಲ್ಲಿ.

ಕಳೆದ ವರ್ಷ ಆ ಊರಿನ ಮೇಲೆ ಹಾದುಹೋಗುವಾಗ ಗಿರಣಿಯ ಬಳಿ ಇಳಿದೆ. ಯಜಮಾನರು ತೀರಿಕೊಂಡು ಬಹಳ ಕಾಲವಾಗಿದೆ. ಈಗ ಅವರ ಮಗ ನೋಡಿಕೊಳ್ಳುತ್ತಾರೆ, ಅವರಿಗೂ ತಲೆ ನೆರೆತಿದೆ. ನಾನು ಪರಿಚಯ ಹೇಳಿಕೊಂಡು, ‘ನಿಮ್ಮ ತಂದೆಯವರ ಒಂದು ಪ್ರಶ್ನೆಗೆ ಉತ್ತರ ಬಾಕಿ ಉಳಿಸಿಕೊಂಡಿದ್ದೇನೆ’ ಎಂದೆ. ಅವರು ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ, ‘ಅಪ್ಪ ಏನು ಕೇಳಿದರೋ ಗೊತ್ತಿಲ್ಲ, ಸಾರ್. ನಾನಾಗ ಮುಂದಿನ ಸಾಲಿನಲ್ಲಿ ಕೂತಿದ್ದೆ. ನೀವು ಕಡ್ಡಿ ಗೀರಿದ್ದು, ಪಟ್ ಅಂತ ಸದ್ದಾಗಿದ್ದು ಮಾತ್ರ ಚೆನ್ನಾಗಿ ನೆನಪಿದೆ’ ಎಂದರು.